ದಕ್ಷಿಣ ಬೆಂಗಳೂರಿನ ವಾಯುದೋಷವೂ ವಾಯುಶೋಧನೆಯೂ

ಅನ್ನವನ್ನು ಆರಿಸಿ ಉಣ್ಣಬಹುದು, ನೀರನ್ನು ಸೋಸಿ ಕುಡಿಯಬಹುದು. ಉಸಿರಿಗೆ ಬೇಕಾದ ಗಾಳಿಯನ್ನು ಮಾತ್ರ ಮನುಷ್ಯನು ತಾನಿರುವ ಎಡೆಯಲ್ಲಿ ದೊರೆತಂತೆಯೇ ಸ್ವೀಕರಿಸಬೇಕು. ಆದುದರಿಂದ ಪಟ್ಟಣದ ಗಾಳಿ ಕೆಡುವುದೆಂಬುದು ಅಲ್ಲಿನ ಸಮಸ್ತ ಜನರಿಗೂ ಸಂಬಂಧಿಸಿದ ವಿಷಯವಾಗಿದೆ.

೧೯೪೮ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿದ್ದಾಗ ಅದು ಊರ ಅಂಚಿನ ಬಡಾವಣೆ. ಅನಂತರ ಬನಶಂಕರಿ, ಜೆ. ಪಿ. ನಗರ, ಬಿ. ಟಿ. ಎಂ. ಬಡಾವಣೆಗಳು ಬೆಳೆದುವು, ಇವುಗಳ ಮಗ್ಗುಲಲ್ಲಿ ಹೊರವರ್ತುಲ ರಸ್ತೆಯು ಹಾಯ್ದು, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಹೊಸೂರು ರಸ್ತೆಯನ್ನು ಕೂಡುತ್ತದೆ. ನಿಂತು ನಿಂತು ಸಾಗುವ ವಾಹನಗಳ ಹೊಗೆಯೂ, ಚಕ್ರಗಳಿಂದೇಳುವ ಧೂಳೂ ಅಲ್ಲಿ ಬೆರೆಯುತ್ತವೆ.

ಈ ದೋಷಗಳಲ್ಲಿ ಸೂಕ್ಷ್ಮಕಣಗಳೇ ಮುಖ್ಯವಾದುವು. ದಪ್ಪ ಧೂಳನ್ನು ಮೂಗು ಗಂಟಲುಗಳು ತಡೆಯುತ್ತವೆ. ಎರಡೂವರೆ ಮೈಕ್ರಾನಿಗಿಂತ ಕಿರಿದಾದ, ಎಂದರೆ ತಲೆಗೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದಂಶದಷ್ಟಿರುವ ಕಣಗಳಾದರೋ ಶ್ವಾಸಕೋಶದ ಕೊನೆಯ ಗೂಡುಗಳವರೆಗೆ ಇಳಿಯುತ್ತವೆ. ಅತಿಸೂಕ್ಷ್ಮವಾದವು ರಕ್ತವನ್ನೂ ಸೇರಬಲ್ಲವು. ಇದರಿಂದ ಉಬ್ಬಸವು ಕೆರಳುವುದಲ್ಲದೆ ಹೃದ್ರೋಗ, ಪಾರ್ಶ್ವವಾಯುಗಳ ಸಂಭವವೂ ಹೆಚ್ಚುತ್ತದೆ. ಡೀಸೆಲ್ ಹೊಗೆಯು ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ೨೦೧೨ರಲ್ಲಿ ನಿರ್ಣಯಿಸಿತು. ಇಂತಹ ಕಣಗಳ ವಾರ್ಷಿಕ ಸರಾಸರಿಯು ಘನಮೀಟರಿಗೆ ೫ ಮೈಕ್ರೋಗ್ರಾಮನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ವಿಧಿಸಿದೆ. ಭಾರತವು ೨೦೦೯ರಲ್ಲಿ ಗೊತ್ತುಪಡಿಸಿದ ಮಿತಿ ೪೦. ಆದಕಾರಣ ದೇಶದ ಮಿತಿಯೊಳಗಿರುವ ಗಾಳಿಯೆಲ್ಲವೂ ನಿರ್ದೋಷವೆಂದು ಭಾವಿಸತಕ್ಕುದಲ್ಲ.

ಈ ವಿಷಯದಲ್ಲಿ ಬೆಂಗಳೂರಿನ ಮಕ್ಕಳ ವೈದ್ಯರಾದ ಎಚ್. ಪರಮೇಶ್ ಅವರು ೨೦೦೨ರಲ್ಲಿ ಪ್ರಕಟಿಸಿದ ಶೋಧನೆಯು ಗಮನಾರ್ಹವಾಗಿದೆ. ಆಸ್ಪತ್ರೆಯಲ್ಲಿ ಪರೀಕ್ಷಿಸಿದ ಮಕ್ಕಳಲ್ಲಿ ಉಬ್ಬಸದ ಪ್ರಮಾಣವು ೧೯೭೯ರಲ್ಲಿ ಶೇಕಡ ೯ ಇದ್ದುದು ೧೯೯೯ರಲ್ಲಿ ೨೯.೫ಕ್ಕೆ ಏರಿತ್ತು. ಇದು ಆಸ್ಪತ್ರೆಯ ಲೆಕ್ಕವಾದುದರಿಂದ ಊರಿಗೆಲ್ಲ ಅನ್ವಯಿಸದೆಂದು ಆಕ್ಷೇಪಿಸಬಹುದು. ಆದರೆ ಹನ್ನೆರಡು ಶಾಲೆಗಳ ೬,೫೫೦ ಮಕ್ಕಳನ್ನು ಪರೀಕ್ಷಿಸಿದಾಗ, ವಾಹನಸಂಚಾರ ಕಡಮೆಯಿದ್ದೆಡೆ ಶೇಕಡ ೧೧.೧೫, ಹೆಚ್ಚಿದ್ದೆಡೆ ೧೯.೩೪, ಸಂಚಾರದೊಡನೆ ಬಡತನವೂ ಕೂಡಿದ್ದೆಡೆ ೩೧.೧೪ ಮಂದಿಗೆ ಉಬ್ಬಸವಿತ್ತು. ಒಂದೇ ಬಗೆಯ ರಸ್ತೆಯ ಬಳಿಯಲ್ಲಿಯೂ ಬಡವರ ಮಕ್ಕಳಿಗೆ ಬಾಧೆ ಅಧಿಕವೆಂಬುದೇ ಇದರ ಸಾರ.

ಇನ್ನು ಶೋಧನೆಯ ವಿಚಾರ. ಹೆಪಾ ಎಂಬ ಶೋಧಕವು ಒತ್ತಾದ ನೂಲೆಳೆಗಳ ಹಾಸು. ಅದು ಜರಡಿಯಂತೆ ಕೆಲಸಮಾಡುವುದಿಲ್ಲ. ದೊಡ್ಡ ಕಣಗಳು ಗಾಳಿಯೊಡನೆ ತಿರುಗಲಾರದೆ ಎಳೆಗೆ ಬಡಿಯುತ್ತವೆ; ಅತಿ ಸಣ್ಣವು ಅತ್ತಿತ್ತ ತೊಯ್ದಾಡುತ್ತ ಎಳೆಗೆ ತಗಲುತ್ತವೆ. ಎರಡಕ್ಕೂ ನಡುವಿನ ೦.೩ ಮೈಕ್ರಾನಿನ ಕಣವೇ ಹಿಡಿಯಲು ಕಷ್ಟವಾದುದು; ಅದರಲ್ಲಿಯೂ ಶೇಕಡ ೯೯.೯೭ನ್ನು ತಡೆಯುವುದೇ ಈ ಶೋಧಕದ ಲಕ್ಷಣ. ಅನಿಲಗಳು ಇದರಲ್ಲಿ ನಿಲ್ಲವು. ಅವುಗಳಲ್ಲಿ ಕೆಲವನ್ನು ಹೀರಲು ಸಂಸ್ಕರಿಸಿದ ಇದ್ದಿಲು ಬೇಕು. ಕಿಟಕಿ ತೆರೆದರೆ ಪ್ರಯೋಜನ ಕುಗ್ಗುತ್ತದೆ. ಮುಚ್ಚಿದರೆ ನಿಶ್ವಾಸದ ಗಾಳಿ ಒಳಗೇ ಸೇರುತ್ತದೆ. ಕೊಠಡಿಯ ಅಳತೆಗೆ ತಕ್ಕ ಯಂತ್ರವನ್ನಿಟ್ಟು, ಶೋಧಕವನ್ನು ಕಾಲಕಾಲಕ್ಕೆ ಬದಲಿಸಿದರೆ ಮಾತ್ರ ಅದು ಫಲಕಾರಿ.

ಬೀದಿಯ ಮರಗಳ ಉಪಕಾರವೂ ಅಲ್ಪವಲ್ಲ. ಹರಿಣಿ ನಾಗೇಂದ್ರ ಮೊದಲಾದವರು ಬೆಂಗಳೂರಿನ ಬೀದಿಗಳನ್ನು ಅಳೆದು ೨೦೧೩ರಲ್ಲಿ ಪ್ರಕಟಿಸಿದಂತೆ, ಮರಗಳಿದ್ದ ಬೀದಿಗಳಲ್ಲಿ ಶೇಕಡ ೮೦ರಷ್ಟು ಧೂಳಿನ ಮಿತಿಯೊಳಗಿದ್ದುವು. ಬೋಳು ಬೀದಿಗಳಲ್ಲಿ ಅರ್ಧದಷ್ಟರಲ್ಲಿ ಧೂಳು ಮಿತಿಯ ಇಮ್ಮಡಿಯನ್ನು ಸಮೀಪಿಸಿತ್ತು.

ಮನೆಯ ಯಂತ್ರವು ಕೊಳ್ಳಬಲ್ಲವನಿಗೆ ನೆರವಾದೀತು. ಆದರೆ ಆಟೋ ನಡೆಸುವವನಿಗೂ, ಚೌಕದಲ್ಲಿ ನಿಂತ ಪೋಲೀಸಿನವನಿಗೂ, ರಸ್ತೆಬದಿಯ ಶಾಲೆಯ ಮಗುವಿಗೂ ಅದು ಒದಗದು. ಸೀಸ ಬೆರೆತ ಪೆಟ್ರೋಲನ್ನು ೨೦೦೦ದಲ್ಲಿ ನಿಲ್ಲಿಸಿದುದೂ, ೨೦೨೦ರಲ್ಲಿ ಭಾರತ್ ಸ್ಟೇಜ್ ಆರನೆಯ ನಿಯಮವನ್ನು ತಂದುದೂ ಎಲ್ಲರಿಗೂ ಸಮನಾಗಿ ಸಂದ ಉಪಕಾರಗಳು. ಗಾಳಿಯು ಕೆಟ್ಟ ಮೇಲೆ ಸೋಸುವುದಕ್ಕಿಂತ ಕೆಡದಂತೆ ಕಾಯುವುದೇ ಮೇಲೆಂಬುದು ಇದರಿಂದ ಸಿದ್ಧಿಸುತ್ತದೆ.