‘ಕರಿ’ ಎಂಬ ಪದದ ಹಲವು ಬೇರುಗಳು

ಕಪ್ಪು ಬಣ್ಣವನ್ನು ಸೂಚಿಸುವ ‘ಕರಿ’ಯೂ ಹಳೆಯ ಕಾವ್ಯಗಳಲ್ಲಿ ಆನೆಯನ್ನು ಸೂಚಿಸುವ ‘ಕರಿ’ಯೂ ಕಿವಿಗೆ ಒಂದೇ ಆಗಿರುವುದರಿಂದ, ಮೈಬಣ್ಣದಿಂದಲೇ ಆನೆಗೆ ಆ ಹೆಸರು ಬಂದಿತೆಂದು ಊಹಿಸುವುದು ಸುಲಭ, ಆದರೆ ಆ ಊಹೆ ತಪ್ಪು. ಬಣ್ಣದ ಕರಿ ಅಚ್ಚ ದ್ರಾವಿಡ ಪದವಾಗಿದ್ದು, ತಮಿಳಿನ ‘ಕರುಪ್ಪು’ ಅದರ ಒಡಹುಟ್ಟು. ಆನೆಯ ಕರಿಯಾದರೋ ಸಂಸ್ಕೃತದ ‘ಕರಿನ್’ ಶಬ್ದದಿಂದ ಬಂದುದು. ಕರ ಎಂದರೆ ಕೈ. ಸೊಂಡಿಲನ್ನೇ ಕೈಯೆಂದು ಬಗೆದು, ಕೈಯುಳ್ಳದ್ದು ಎಂಬ ಅರ್ಥದಲ್ಲಿ ಆ ಶಬ್ದ ಹುಟ್ಟಿತು. ‘ಹಸ್ತ’ದಿಂದ ‘ಹಸ್ತಿ’ ಹುಟ್ಟಿರುವುದೂ ಇದೇ ಬಗೆಯಲ್ಲಾದ್ದರಿಂದ ಈ ವಿವರಣೆಯನ್ನು ಸಂಶಯಿಸಲು ಎಡೆಯಿಲ್ಲ.

ಇಂಗ್ಲಿಷಿನ ಮೂಲಕ ಲೋಕಕ್ಕೆಲ್ಲ ಪರಿಚಿತವಾದ ಮಸಾಲೆಯ ‘ಕರಿ’ಗೆ ತಮಿಳಿನ ‘ಕಱಿ’ ಮೂಲವೆಂಬುದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ ಮಾತು. ಅದರಲ್ಲಿರುವುದು ರಕಾರವಲ್ಲ, ಹಳಗನ್ನಡದಲ್ಲೂ ಇದ್ದು ಮುಂದೆ ರಕಾರದಲ್ಲಿ ಕರಗಿಹೋದ ಱಕಾರ. ಅಕ್ಷರವೊಂದು ಮರೆಯಾದಾಗ ಪದಗಳ ನಡುವಣ ಗಡಿಯೂ ಅಳಿಸಿಹೋಗುತ್ತದೆ ಎಂಬುದಕ್ಕೆ ತಿಳಿ ಎಂಬ ಅರ್ಥದ ‘ಅಱಿ’ ಇಂದು ‘ಅರಿ’ಯಾಗಿ, ಶತ್ರುವೆಂಬ ಅರ್ಥದ ಸಂಸ್ಕೃತದ ‘ಅರಿ’ಯೊಡನೆ ಬೆರೆತಿರುವುದೇ ನಿದರ್ಶನ.

ಕಡಲಾಚೆಗೂ ಈ ಪದವುಂಟು. ಜಪಾನಿ ಭಾಷೆಯಲ್ಲಿ ‘ಕರಿ’ ಎಂದರೆ ಬೇಟೆ. ಆಸ್ಟ್ರೇಲಿಯದ ನೈಋತ್ಯ ಮೂಲೆಯ ಮೂಲನಿವಾಸಿಗಳಾದ ನ್ಯೂಂಗಾರ್ ಜನರ ನುಡಿಯಲ್ಲಿ ಅದು ಒಂದು ಜಾತಿಯ ನೀಲಗಿರಿ ಮರದ ಹೆಸರು. 80 ಮೀಟರಿಗೂ ಮಿಕ್ಕಿ ಬೆಳೆಯಬಲ್ಲ ಆ ಮರದ ಕಾಂಡವು ಬಿಳಿಚಾಗಿರುವುದರಿಂದ ಕನ್ನಡದ ಅರ್ಥ ಅದಕ್ಕೆ ಯಾವ ರೀತಿಯಲ್ಲೂ ಹೊಂದುವುದಿಲ್ಲ.

ಇಂಥ ಹೋಲಿಕೆಗಳು ಅಚ್ಚರಿಯವಲ್ಲ. ಹೆಚ್ಚಿನ ಭಾಷೆಗಳು ಹತ್ತಾರು ಧ್ವನಿಗಳಿಂದಲೇ ಸಾವಿರಾರು ಪದಗಳನ್ನು ಕಟ್ಟುತ್ತವೆ. ಕ, ರ, ಅ, ಇ ಬಹುಪಾಲು ಭಾಷೆಗಳಲ್ಲಿರುವ ಧ್ವನಿಗಳು. ಎರಡೇ ಅಕ್ಷರಗಳ ಪದವಾದರೆ, ಲೋಕದ ಸುಮಾರು 7,000 ಭಾಷೆಗಳಲ್ಲಿ ಅದು ಮತ್ತೆ ಮತ್ತೆ ತಾನಾಗಿ ಮೂಡುವುದು ಅನಿವಾರ್ಯ.

ಆದ್ದರಿಂದ ಭಾಷೆಗಳ ನಂಟನ್ನು ಹುಡುಕುವವರು ಬಿಡಿಪದಗಳ ಹೋಲಿಕೆಯನ್ನಲ್ಲ, ವ್ಯತ್ಯಾಸದಲ್ಲಿರುವ ನಿಯಮವನ್ನು ನೋಡುತ್ತಾರೆ. ತಮಿಳಿನ ಪಾಲ್, ಪುಲಿ, ಪಲ್ ಕನ್ನಡದಲ್ಲಿ ಹಾಲು, ಹುಲಿ, ಹಲ್ಲು ಆಗಿವೆ. ಪಕಾರವು ಪದಾದಿಯಲ್ಲಿ ಹಕಾರವಾಗುವ ಈ ಕ್ರಮವನ್ನು ಧ್ವನಿ ಸಂವಾದವೆನ್ನುತ್ತಾರೆ. ನೂರಾರು ಪದಗಳಲ್ಲಿ ಹೀಗೆ ಕಾಣುವ ಕ್ರಮವನ್ನು ಆಕಸ್ಮಿಕವೆಂದು ತಳ್ಳಿಹಾಕಲಾಗದು. ಕನ್ನಡಕ್ಕೂ ದೂರದ ಯಾವುದೋ ಭಾಷೆಗೂ ರಕ್ತಸಂಬಂಧವಿದೆಯೆಂದು ನಾಲ್ಕಾರು ಪದಗಳ ಬಲದಿಂದ ಸಾರುವವರು ಇಂಥ ಕ್ರಮವೊಂದನ್ನು ತೋರಿಸುವವರೆಗೆ ಆ ವಾದವನ್ನು ಒಪ್ಪಬೇಕಾಗಿಲ್ಲ.