ಟಿವಿ ಹೊಸದು, ಚಿತ್ರವೇಕೆ ಹಳೆಯದು?

ಅಂಗಡಿಯಲ್ಲಿ ಕಣ್ಣು ಕುಕ್ಕುವಂತಿದ್ದ ಟಿವಿ ಮನೆಗೆ ಬಂದು ಗೋಡೆ ಏರಿದ ಮೇಲೆ ಸಪ್ಪೆ ಅನ್ನಿಸುವುದು ಎಷ್ಟೋ ಮನೆಗಳ ಅನುಭವ. ಧಾರಾವಾಹಿಯಲ್ಲಿ ಎಲ್ಲರ ಕೆನ್ನೆಯೂ ಕೆಂಪು, ಸುದ್ದಿಯ ಅಕ್ಷರಗಳ ಸುತ್ತ ಮಸುಕು. ದೂರು ಟಿವಿಯ ಮೇಲೆ ಹೋಗುತ್ತದೆ. ಆದರೆ ಕುಂದು ಹೆಚ್ಚಾಗಿ ಅದಕ್ಕೆ ಬರುವ ಸಿಗ್ನಲ್‌ನಲ್ಲಿರುತ್ತದೆ, ಇಲ್ಲವೇ ಕಾರ್ಖಾನೆಯಲ್ಲೇ ಮಾಡಿಟ್ಟ ಸೆಟ್ಟಿಂಗ್‌ನಲ್ಲಿರುತ್ತದೆ.

ಮೊದಲು ಸೆಟ್‌ಟಾಪ್ ಬಾಕ್ಸಿನ ಹಿಂಬದಿ ನೋಡಿ. ಹಳದಿ, ಕೆಂಪು, ಬಿಳಿ ಪಿನ್ನುಗಳ ಎವಿ ಕೇಬಲ್ಲೇ ಈಗಲೂ ಸಿಕ್ಕಿಸಿದ್ದರೆ ಉಳಿದ ಕಸರತ್ತೆಲ್ಲ ದಂಡ. ಕೆಂಪು, ಬಿಳಿ ಧ್ವನಿಗೆ. ಚಿತ್ರ ಬರುವುದು ಹಳದಿಯೊಂದರಲ್ಲೇ. ಬೆಳಕು, ಬಣ್ಣ ಎರಡರ ಮಾಹಿತಿಯನ್ನೂ ಬೆರೆಸಿ ಒಂದೇ ತಂತಿಯಲ್ಲಿ ಕಳಿಸುವ ಆ ಹಳೆಯ ಏರ್ಪಾಟಿನಲ್ಲಿ ಎಚ್‌ಡಿ ಚಿತ್ರ ಹಾಯುವುದೇ ಇಲ್ಲ. ಎಚ್‌ಡಿಎಂಐ ಕೇಬಲ್ ಹಾಕಿ, ಬಾಕ್ಸಿನ ಮೆನುವಿನಲ್ಲಿ ಔಟ್‌ಪುಟ್ 1080ಕ್ಕೆ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಇದಕ್ಕಾಗಿ ದುಬಾರಿ ಕೇಬಲ್ ಬೇಡ. ಅದರಲ್ಲಿ ಹರಿಯುವುದು ಅಂಕಿಗಳು. ಅವು ಸರಿಯಾಗಿ ತಲುಪಿದರೆ ಚಿತ್ರ ಪೂರ್ತಿ, ತಲುಪದಿದ್ದರೆ ಪರದೆಯ ಮೇಲೆ ಚುಕ್ಕಿ ಮಿನುಗುತ್ತವೆ ಅಥವಾ ಕತ್ತಲಾಗುತ್ತದೆ.

ಚಾನೆಲ್ಲೂ ಎಚ್‌ಡಿಯದೇ ಆಗಿರಬೇಕು. ನಮ್ಮ ಸಾಧಾರಣ ಚಾನೆಲ್ಲಿನ ಚಿತ್ರದಲ್ಲಿ ಹೆಚ್ಚೆಂದರೆ ಅಡ್ಡಕ್ಕೆ 720, ಮೇಲಿಂದ ಕೆಳಕ್ಕೆ 576 ಚುಕ್ಕಿ. ಅಂದರೆ ಒಟ್ಟು 4 ಲಕ್ಷದಷ್ಟು. ಫುಲ್ ಎಚ್‌ಡಿ ಪರದೆಯಲ್ಲಿರುವುದು 20 ಲಕ್ಷಕ್ಕೂ ಹೆಚ್ಚು, 4ಕೆ ಪರದೆಯಲ್ಲಿ 82 ಲಕ್ಷಕ್ಕೂ ಹೆಚ್ಚು. ಕೊರತೆ ಬಿದ್ದ ಚುಕ್ಕಿಗಳನ್ನು ಟಿವಿ ಅಕ್ಕಪಕ್ಕ ನೋಡಿ ಅಂದಾಜಿನಲ್ಲಿ ತುಂಬುತ್ತದೆ.

ಈ ಅಂದಾಜು ಕಣ್ಣಿಗೆ ಬೀಳುವುದೂ ಬೀಳದಿರುವುದೂ ನೀವು ಕೂರುವ ದೂರದ ಮೇಲೆ ನಿಂತಿದೆ. ಒಂದು ಡಿಗ್ರಿಯ ಅರವತ್ತನೇ ಒಂದು ಭಾಗಕ್ಕಿಂತ ಸಣ್ಣ ಕೋನದಲ್ಲಿರುವ ವಿವರವನ್ನು ಸಾಮಾನ್ಯ ದೃಷ್ಟಿ ಬಿಡಿಸಿ ನೋಡಲಾರದು. 43 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಒಂದು ಚುಕ್ಕಿಯ ಅಗಲ ಅರ್ಧ ಮಿಲಿಮೀಟರ್. ಲೆಕ್ಕ ಹಾಕಿದರೆ ಸುಮಾರು ಐದೂವರೆ ಅಡಿ ಆಚೆ ಕೂತವರಿಗೆ ಆ ಚುಕ್ಕಿಗಳು ಬೆಸೆದುಹೋಗುತ್ತವೆ. ಅದೇ ಪರದೆಯಲ್ಲಿ ಸಾಧಾರಣ ಚಾನೆಲ್ ಹಾಕಿದರೆ ಹತ್ತು ಅಡಿಗೂ ಆಚೆ ಸರಿಯಬೇಕು. ಏಳಡಿಯಲ್ಲಿ ಸೋಫಾ ಹಾಕಿದ ಮನೆಯಲ್ಲಿ ಒಂದು ಚಾನೆಲ್ ಸ್ಫುಟ, ಇನ್ನೊಂದು ಮಸುಕು ಏಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ಇದೇ ಅಳತೆಯ 4ಕೆ ಟಿವಿ ಕೊಂಡವರು ಅದರ ಪೂರ್ತಿ ಸೂಕ್ಷ್ಮತೆ ಕಾಣಲು ಮೂರಡಿಯೊಳಗೆ ಕೂರಬೇಕಾಗುತ್ತದೆ. ಚಿಕ್ಕ ಪರದೆಯಲ್ಲಿ 4ಕೆ ಎಂಬ ಒಂದೇ ಕಾರಣಕ್ಕೆ ಹೆಚ್ಚು ಹಣ ಕೊಡುವುದು ನನಗಂತೂ ಸರಿ ಕಾಣುವುದಿಲ್ಲ.

ಇನ್ನು ಸೆಟ್ಟಿಂಗ್. ಅಂಗಡಿಯ ಝಗಮಗ ಬೆಳಕಿನಲ್ಲಿ ಸಾಲಾಗಿ ನಿಂತ ಟಿವಿಗಳಲ್ಲಿ ಗಿರಾಕಿಯ ಕಣ್ಣು ಹೋಗುವುದು ಅತಿ ಪ್ರಖರವಾದದ್ದರ ಕಡೆಗೆ. ‘ವಿವಿಡ್’, ‘ಡೈನಾಮಿಕ್’ ಮೋಡ್‌ಗಳು ಇರುವುದೇ ಅದಕ್ಕೆ. ಬಿಳಿ ಪಂಚೆಗೆ ನೀಲಿ ಹಾಕಿದಂತೆ ಅವು ಬಿಳಿಗೆ ನೀಲಿ ಬೆರೆಸಿ ಹೊಳಪು ತರುತ್ತವೆ. ಸ್ಟುಡಿಯೊದಲ್ಲಿ ಚಿತ್ರದ ಬಣ್ಣ ತಿದ್ದುವವರು ನೋಡುವ ಬಿಳಿ ಬೇರೆ. ಅದು ಸುಮಾರು 6500 ಕೆಲ್ವಿನ್, ನಡುಹಗಲಿನ ಬೆಳಕಿನ ಬಣ್ಣ. ಟಿವಿಯಲ್ಲಿ ಅದಕ್ಕೆ ಹತ್ತಿರವಾದದ್ದು ‘ಸಿನಿಮಾ’ ಅಥವಾ ‘ಮೂವಿ’ ಮೋಡ್. ಮೊದಲ ಸಂಜೆ ಅದು ಹಳದಿ ಎನ್ನಿಸಿ ಮನೆಮಂದಿ ಗೊಣಗಬಹುದು. ಕೆಲವು ದಿನ ತಡೆದು ನೋಡಿ. ಕಣ್ಣು ಹೊಂದಿಕೊಳ್ಳುತ್ತದೆ, ಚರ್ಮ ಚರ್ಮದ ಬಣ್ಣದಲ್ಲೇ ಕಾಣತೊಡಗುತ್ತದೆ.

ಕಾಂಟ್ರಾಸ್ಟ್ ಹೊಂದಿಸಲು ಟೆಸ್ಟ್ ಪಂದ್ಯಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಬಿಸಿಲಲ್ಲಿ ನಿಂತ ಫೀಲ್ಡರನ ಬಿಳಿ ಅಂಗಿಯ ಮಡಿಕೆಗಳು ಕಾಣದೆ ಬರೀ ಬಿಳಿ ಉಳಿದಿದ್ದರೆ ಕಾಂಟ್ರಾಸ್ಟ್ ಇಳಿಸಿ. ಬ್ರೈಟ್‌ನೆಸ್ ಎಂಬುದು ಹೆಸರಿಗೆ ಹೊಳಪು, ಅದು ತಿದ್ದುವುದು ಕಪ್ಪನ್ನು. ರಾತ್ರಿಯ ದೃಶ್ಯದಲ್ಲಿ ನಾಯಕಿಯ ಜಡೆಯ ಎಳೆಗಳು ಕರಗಿದ್ದರೆ ಅದನ್ನು ತುಸು ಏರಿಸಿ, ಕಪ್ಪೆಲ್ಲ ಬೂದಿಯಾಗಿದ್ದರೆ ಇಳಿಸಿ. ಕೋಣೆ ಬೆಳಕಾಗಿದ್ದು ಚಿತ್ರ ಮಂಕಾಗಿದ್ದರೆ ಮುಟ್ಟಬೇಕಾದದ್ದು ಬ್ಯಾಕ್‌ಲೈಟ್. ಶಾರ್ಪ್‌ನೆಸ್ ಏರಿಸಿದರೆ ವಿವರ ಹೆಚ್ಚುವುದಿಲ್ಲ. ಅಂಚುಗಳ ಪಕ್ಕ ಬಿಳಿ ಗೆರೆ ಮೂಡುತ್ತದೆ, ಅಷ್ಟೇ. ಬಹುತೇಕ ಟಿವಿಗಳಲ್ಲಿ ಅದು ಸೊನ್ನೆಯ ಹತ್ತಿರ ಇದ್ದರೆ ಚೆನ್ನ.

ಹಳೆಯ ಕಪ್ಪು-ಬಿಳುಪು ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ 4:3. ಅದನ್ನು 16:9 ಪರದೆ ತುಂಬುವಂತೆ ಎಳೆದರೆ ರಾಜ್‌ಕುಮಾರ್ ಮುಖ ಮೂರನೇ ಒಂದು ಪಾಲು ಅಗಲವಾಗುತ್ತದೆ. ಎರಡೂ ಬದಿಗೆ ಕಪ್ಪು ಪಟ್ಟಿ ಇದ್ದರೆ ಇರಲಿ, ಅವರ ಮುಖ ಅವರ ಮುಖದಂತೆಯೇ ಇರಬೇಕು.

ಸಿನಿಮಾ ನೋಡುವವರು ‘ಮೋಷನ್ ಸ್ಮೂಥಿಂಗ್’ ಕೂಡ ಆಫ್ ಮಾಡಬೇಕು. ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ತೆಗೆದ ಚಿತ್ರಕ್ಕೆ ಅದು ನಡುವೆ ತಾನೇ ಚೌಕಟ್ಟುಗಳನ್ನು ಸೃಷ್ಟಿಸಿ ಸೇರಿಸುತ್ತದೆ. ಸಿನಿಮಾ ಧಾರಾವಾಹಿಯಂತೆ ಕಾಣುತ್ತದೆ. 2018ರ ಡಿಸೆಂಬರ್‌ನಲ್ಲಿ ನಟ ಟಾಮ್ ಕ್ರೂಸ್, ನಿರ್ದೇಶಕ ಕ್ರಿಸ್ಟೊಫರ್ ಮೆಕ್ವಾರಿ ಇಬ್ಬರೂ ವಿಡಿಯೊ ಮಾಡಿ, ಇದನ್ನು ಆಫ್ ಮಾಡಿ ಎಂದು ಪ್ರೇಕ್ಷಕರನ್ನು ಕೇಳಿಕೊಂಡಿದ್ದರು. ಈ ಸೌಲಭ್ಯಕ್ಕೆ ಒಂದೊಂದು ಕಂಪನಿಯದು ಒಂದೊಂದು ಹೆಸರು. ಪಿಕ್ಚರ್ ಮೆನುವಿನ ಒಳಪುಟಗಳಲ್ಲಿ ಹುಡುಕಬೇಕು. ಅನೇಕ ಟಿವಿಗಳು ಒಂದೊಂದು ಎಚ್‌ಡಿಎಂಐ ಕಿಂಡಿಗೂ ಸೆಟ್ಟಿಂಗನ್ನು ಪ್ರತ್ಯೇಕವಾಗಿ ಉಳಿಸಿಕೊಳ್ಳುವುದರಿಂದ, ಸೆಟ್‌ಟಾಪ್ ಬಾಕ್ಸಿಗೆ ಮಾಡಿದ್ದನ್ನು ಬೇರೆ ಕಿಂಡಿಗಳಿಗೂ ಟಿವಿಯೊಳಗಿನ ಆ್ಯಪ್‌ಗಳಿಗೂ ಇನ್ನೊಮ್ಮೆ ಮಾಡಬೇಕಾಗಬಹುದು.