ಹೊಳೆ ದಾಟಿಸಿದ ಅಂಬಿಗನನ್ನು ಮರೆಯಬಾರದು

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಮಾತು ನಮ್ಮ ಜನರ ಬಾಯಲ್ಲಿದೆ. ಹಾಗೆ ಬದುಕಿರೆಂದು ಹಿರಿಯರು ಹೇಳಿದ ಮಾತಲ್ಲ ಇದು. ಮನುಷ್ಯನ ಕೃತಘ್ನತೆಯನ್ನು ಕಂಡು ನೊಂದು ಆಡಿದ ಮಾತು. ನೀರು ಉಕ್ಕಿ ಹರಿಯುವಾಗ ಅಂಬಿಗನ ಕೈ ಹಿಡಿಯುತ್ತೇವೆ. ದಡ ಸೇರಿದ ಕೂಡಲೆ ಅವನು ಉಂಡನೋ ಇಲ್ಲವೋ ಎಂದು ತಿರುಗಿಯೂ ನೋಡುವುದಿಲ್ಲ. ಸೈನಿಕನ ವಿಷಯದಲ್ಲಿ ಈ ಮಾತು ಎಷ್ಟು ನಿಜ! ಯುದ್ಧ ನಡೆಯುತ್ತಿರುವಾಗ ಅವನಿಗೆ ಹೂಮಾಲೆ, ಜಯಕಾರ, ಮೆರವಣಿಗೆ. ಯುದ್ಧ ಮುಗಿದು, ಕಾಲು ಕಳೆದುಕೊಂಡೋ ಮನಸ್ಸು ಕದಡಿಕೊಂಡೋ ಊರಿಗೆ ಮರಳಿದವನ ಮನೆಯಲ್ಲಿ ಒಲೆ ಉರಿಯುತ್ತಿದೆಯೇ ಎಂದು ಕೇಳುವವರು ಕಡಿಮೆ.

ಸಿರಿ ತುಂಬಿದ ನಾಡಿನಲ್ಲಿ ಇಂಥ ಕೊರತೆ ಇರಲಾರದೆಂದು ನಾವು ತಿಳಿಯುವುದು ಸಹಜ. ಅಮೆರಿಕದ ಕಥೆ ಬೇರೆಯನ್ನೇ ಹೇಳುತ್ತದೆ. ವಿಯೆಟ್ನಾಂ ಯುದ್ಧದಲ್ಲಿ ಆ ದೇಶದ 58 ಸಾವಿರಕ್ಕೂ ಹೆಚ್ಚು ಯೋಧರು ಮಡಿದರು. 1973ರಲ್ಲಿ ಸೇನೆ ಹಿಂತಿರುಗಿತು. ಆ ಯುದ್ಧ ಬಹುಜನರಿಗೆ ಬೇಡವಾಗಿತ್ತು. ಅದರಲ್ಲಿ ಹೋರಾಡಿ ಬಂದವರೂ ಬೇಡವಾದರು. ಕೆಲವರ ಗಾಯ ಕಣ್ಣಿಗೆ ಕಾಣುವಂಥದು, ಹಲವರದು ಕಾಣದಂಥದು. ರಾತ್ರಿ ನಿದ್ದೆಯಿಲ್ಲ, ಸಣ್ಣ ಸದ್ದಿಗೂ ಬೆಚ್ಚುವುದು, ಮನೆಮಂದಿಯ ಮೇಲೆ ಸಿಡುಕು, ಎಲ್ಲವನ್ನೂ ಮರೆಯಲು ಕುಡಿತ. ಇದೂ ಒಂದು ಕಾಯಿಲೆಯೆಂದು ಅಲ್ಲಿನ ಮನೋವೈದ್ಯರ ಅಧಿಕೃತ ಪಟ್ಟಿಗೆ ಸೇರಿದ್ದು 1980ರಲ್ಲಿ. ಅಷ್ಟು ಹೊತ್ತಿಗೆ ಎಷ್ಟೋ ಜನರ ಕೆಲಸ ಹೋಗಿತ್ತು, ಸಂಸಾರ ಒಡೆದಿತ್ತು, ಸೇತುವೆಯ ಕೆಳಗೂ ಬೀದಿಯ ಬದಿಗೂ ಹಾಸಿಗೆ ಬಿದ್ದಿತ್ತು.

ದೇಶಕ್ಕಾಗಿ ದೇಹ ಒಡ್ಡಿದವನು ತನ್ನ ದೇಶದಲ್ಲಿಯೇ ನೆರಳಿಲ್ಲದೆ ಮಲಗುವುದಕ್ಕಿಂತ ದೊಡ್ಡ ಅವಮಾನ ಯಾವುದಿದೆ? ಆ ಅವಮಾನ ಅವನದಲ್ಲ, ಸಮಾಜದ್ದು.

ಮೂರು ದಿನದ ವಿಶ್ರಾಂತಿ

ಸ್ಯಾನ್ ಡಿಯಾಗೊ ಎಂಬುದು ಕ್ಯಾಲಿಫೋರ್ನಿಯಾ ರಾಜ್ಯದ ಕಡಲತೀರದ ನಗರ, ದೊಡ್ಡ ನೌಕಾನೆಲೆ. ಅಲ್ಲಿ 1988ರ ಬೇಸಿಗೆಯಲ್ಲಿ ರಾಬರ್ಟ್ ವ್ಯಾನ್ ಕ್ಯೂರನ್ ಮತ್ತು ಮನಶ್ಶಾಸ್ತ್ರಜ್ಞರಾದ ಜಾನ್ ನಾಚಿಸನ್ ಎಂಬಿಬ್ಬರು ಮುಂದೆ ನಿಂತು ಒಂದು ಕೆಲಸ ಆರಂಭಿಸಿದರು. ವಿಯೆಟ್ನಾಂ ಮಾಜಿ ಸೈನಿಕರ ಸ್ಥಳೀಯ ಸಂಘ ಅವರ ಬೆನ್ನಿಗಿತ್ತು. ಶಾಲೆಯೊಂದರ ಆಟದ ಮೈದಾನದಲ್ಲಿ ಗುಡಾರಗಳನ್ನು ಹೊಡೆದು, ಬೀದಿಯಲ್ಲಿದ್ದ ಮಾಜಿ ಸೈನಿಕರನ್ನು ಮೂರು ದಿನಕ್ಕೆ ಕರೆತಂದರು. ಅದಕ್ಕೆ ಇಟ್ಟ ಹೆಸರು ‘ಸ್ಟ್ಯಾಂಡ್ ಡೌನ್’.

ಇದು ರಣರಂಗದ ಪದ. ಬಹುದಿನ ಕಾದಾಡಿ ದಣಿದ ತುಕಡಿಯನ್ನು ಮುಂಚೂಣಿಯಿಂದ ಹಿಂದಕ್ಕೆ, ಸುರಕ್ಷಿತ ಜಾಗಕ್ಕೆ ಕರೆಸಿಕೊಳ್ಳುವುದಕ್ಕೆ ಹಾಗೆನ್ನುತ್ತಾರೆ. ಅಲ್ಲಿ ಸೈನಿಕ ಬಿಸಿ ಊಟ ಉಣ್ಣುತ್ತಾನೆ, ಸ್ನಾನ ಮಾಡುತ್ತಾನೆ, ಬಟ್ಟೆ ಒಗೆದುಕೊಳ್ಳುತ್ತಾನೆ, ಮನೆಗೆ ಕಾಗದ ಬರೆಯುತ್ತಾನೆ, ಜೊತೆಗಾರರ ನಡುವೆ ನಿರ್ಭಯವಾಗಿ ಮಲಗುತ್ತಾನೆ. ಬೀದಿಯ ಬದುಕೂ ಒಂದು ರಣರಂಗವೇ. ಯುದ್ಧ ಮುಗಿದು ಹದಿನೈದು ವರ್ಷವಾದರೂ ಈ ಜನರಿಗೆ ಆ ವಿಶ್ರಾಂತಿ ಸಿಕ್ಕಿರಲಿಲ್ಲ. ಅದನ್ನು ಕೊಡಿಸುವುದೇ ಇವರ ಸಂಕಲ್ಪವಾಗಿತ್ತು.

ಮೈದಾನದಲ್ಲಿ ವೈದ್ಯರು ಬಂದು ಕುಳಿತರು, ದಂತವೈದ್ಯರು ಬಂದರು, ಕ್ಷೌರಿಕರು ಬಂದರು. ವಕೀಲರು ಬಂದರು. ಪಿಂಚಣಿ, ಪರಿಹಾರದ ಅರ್ಜಿ ತುಂಬಿಸಲು ಕಚೇರಿಯವರೇ ಮೇಜು ಹಾಕಿದರು. ಅಡಿಗೆ ಮಾಡಿದವರು, ಬಟ್ಟೆ ಹಂಚಿದವರು ಊರಿನ ಸಾಮಾನ್ಯ ಗೃಹಸ್ಥರು. ಒಂದೊಂದು ಕೆಲಸಕ್ಕೂ ಒಂದೊಂದು ಕಚೇರಿಯ ಮೆಟ್ಟಿಲು ಹತ್ತಬೇಕಾಗಿದ್ದವನಿಗೆ ಎಲ್ಲ ಕಚೇರಿಗಳೂ ಒಂದೇ ಮೈದಾನಕ್ಕೆ ಇಳಿದು ಬಂದವು. ಊರುಗೋಲು ಹಿಡಿದವನು ಮೆಟ್ಟಿಲು ಹತ್ತಲಾರ; ಮೆಟ್ಟಿಲೇ ಇಳಿದು ಬರಬೇಕೆಂಬ ತತ್ವ ಅಲ್ಲಿ ಕೆಲಸ ಮಾಡಿತು. ಸೇವೆ ಮಾಡುವವನು ತಾನಿರುವಲ್ಲಿಗೆ ಕರೆಯಬಾರದು, ನೊಂದವನಿರುವಲ್ಲಿಗೆ ಹೋಗಬೇಕು.

ಕೇಳಿದವರಿಗೆ ತಿಳಿಯಿತು

ಮೂರು ದಿನ ಕಳೆದ ಮೇಲೆ ಸಂಘಟಕರು ಬಂದಿದ್ದ ಸುಮಾರು 500 ಮಂದಿಯನ್ನು ಒಂದು ಪ್ರಶ್ನೆ ಕೇಳಿದರು: ನಿಮಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದದ್ದು ಏನು? ಅನ್ನವೆನ್ನುತ್ತಾರೆ, ಹೊದಿಕೆಯೆನ್ನುತ್ತಾರೆ ಎಂದು ಯಾರಾದರೂ ಊಹಿಸಬಹುದು. ಆದರೆ 116 ಮಂದಿ ಹೇಳಿದ್ದು, ತಮ್ಮ ಮೇಲಿರುವ ನ್ಯಾಯಾಲಯದ ವಾರಂಟು ಇತ್ಯರ್ಥವಾಗಬೇಕೆಂದು.

ಇದರ ಹಿಂದಿನ ಸಂಕಟವನ್ನು ನಾವು ವಿಚಾರಿಸಿ ನೋಡಬೇಕು. ಮನೆಯಿಲ್ಲದವನು ಬೀದಿಯಲ್ಲೇ ಮಲಗಬೇಕು, ಮಲಗಿದರೆ ದಂಡ. ಟಿಕೆಟಿಲ್ಲದೆ ಗಾಡಿ ಹತ್ತಿದರೆ ದಂಡ. ದಂಡ ಕಟ್ಟಲು ಹಣವಿಲ್ಲ, ಕಟ್ಟದಿದ್ದರೆ ವಾರಂಟು. ವಾರಂಟು ಇದ್ದವನಿಗೆ ವಾಹನ ಓಡಿಸುವ ಪರವಾನಗಿ ಸಿಗದು, ಕೆಲಸ ಕೊಡುವವರು ಹಿಂಜರಿಯುತ್ತಾರೆ, ಬಾಡಿಗೆಗೆ ಮನೆ ಕೊಡುವವರಿಲ್ಲ. ಮನೆಯಿಲ್ಲದ್ದರಿಂದ ದಂಡ, ದಂಡದಿಂದ ಮತ್ತೆ ಮನೆಯಿಲ್ಲ. ಗಾಣದೆತ್ತಿನ ಹಾಗೆ ಸುತ್ತಿದಲ್ಲೇ ಸುತ್ತು. ನ್ಯಾಯಾಲಯಕ್ಕೆ ಹೋದರೆ ಸೆರೆಮನೆಯ ಭಯ. ಆದ್ದರಿಂದ ಪೊಲೀಸರ ಕಣ್ಣು ತಪ್ಪಿಸಿ ಬದುಕುವುದೇ ಅವನ ಪಾಡು.

ಮರುವರ್ಷ, 1989ರಲ್ಲಿ, ಬಡವರ ಪರ ವಾದಿಸುವ ಸರ್ಕಾರಿ ವಕೀಲ ಸ್ಟೀವ್ ಬೈಂಡರ್ ಅವರ ಪ್ರಯತ್ನದಿಂದ ನ್ಯಾಯಾಲಯವೇ ಶಿಬಿರಕ್ಕೆ ಬಂತು. ನ್ಯಾಯಾಧೀಶರು ಅಲ್ಲೇ ಕುಳಿತು ಸಣ್ಣಪುಟ್ಟ ಮೊಕದ್ದಮೆಗಳನ್ನು ವಿಚಾರಿಸಿದರು. 1989ರಿಂದ 1992ರವರೆಗಿನ ಶಿಬಿರಗಳಲ್ಲಿ 942 ಮಾಜಿ ಸೈನಿಕರ 4,895 ಪ್ರಕರಣಗಳು ಇತ್ಯರ್ಥವಾದವು. ಮುಂದೆ ಈ ನ್ಯಾಯಾಲಯ ಆಶ್ರಯಧಾಮಗಳಲ್ಲೇ ನಿಯತವಾಗಿ ನಡೆಯತೊಡಗಿತು. ಅಲ್ಲಿ ದಂಡದ ಬದಲು ಒಳ್ಳೆಯ ನಡೆಯೇ ಲೆಕ್ಕಕ್ಕೆ ಬಂತು. ಕುಡಿತ ಬಿಡುವ ಚಿಕಿತ್ಸೆಗೆ ಸೇರಿದ್ದಾನೆಯೇ, ಕೆಲಸ ಕಲಿಯುತ್ತಿದ್ದಾನೆಯೇ ಎಂಬುದನ್ನು ನೋಡಿ ಪ್ರಕರಣ ಮುಗಿಸುವ ಪದ್ಧತಿ ಬೆಳೆಯಿತು. ಇದು ಬೇರೆ ಬೇರೆ ನಗರಗಳಿಗೂ ಹಬ್ಬಿತು.

ಸದ್ಭಕ್ತರೆ, ದಾನದ ಮೊದಲ ಪಾಠ ಇಲ್ಲಿದೆ. ನಾವು ಕೊಡಬೇಕೆಂದುಕೊಂಡದ್ದನ್ನು ಕೊಟ್ಟು ತೃಪ್ತರಾಗುವುದು ಸುಲಭ. ಎದುರಿಗಿರುವವನಿಗೆ ಏನು ಬೇಕೆಂದು ಕೇಳಲು ವಿನಯ ಬೇಕು. ಅವರು ಕೇಳದೆ ಇದ್ದಿದ್ದರೆ ಇನ್ನೂ ಐನೂರು ಕಂಬಳಿ ಹಂಚುತ್ತಿದ್ದರು. ವಾರಂಟು ಮಾತ್ರ ಹಾಗೆಯೇ ಉಳಿಯುತ್ತಿತ್ತು.

ಒಂದು ಕಾಗದ, ಒಂದು ಗಾಡಿ, ಒಂದು ಬಾಗಿಲು

ಮೂರು ದಿನದ ಶಿಬಿರದಿಂದ ಏನಾದೀತು, ನಾಲ್ಕನೆಯ ದಿನ ಅವನು ಮತ್ತೆ ಬೀದಿಗೇ ಹೋಗುವನಲ್ಲವೇ ಎಂದು ಕೇಳುವವರುಂಟು. ಪ್ರಶ್ನೆ ಸರಿಯಾದದ್ದೇ. ಜಾತ್ರೆಯ ದಿನದ ಅನ್ನಸಂತರ್ಪಣೆ ವರ್ಷದ ಹಸಿವನ್ನು ತೀರಿಸುವುದಿಲ್ಲ. ಶಿಬಿರ ಒಂದು ಹೊಸ್ತಿಲು ಮಾತ್ರ. ಅಲ್ಲಿ ಹಿಡಿದ ಕೈಯನ್ನು ಆಮೇಲೆ ಬಿಡದಿದ್ದಲ್ಲಿ ಮಾತ್ರ ಫಲ. ಅದಕ್ಕಾಗಿ ಸ್ವಯಂಸೇವಕರು ಮಾಡಿದ ಕೆಲಸಗಳು ಬಹಳ ಚಿಕ್ಕವು, ಬಹಳ ದೀರ್ಘವಾದವು.

ಮೊದಲನೆಯದು ಕಾಗದ. ಸೇನೆಯಿಂದ ಬಿಡುಗಡೆಯಾದ ಪತ್ರವಿಲ್ಲದೆ ಪರಿಹಾರವಿಲ್ಲ, ಚಿಕಿತ್ಸೆಯ ಹಕ್ಕಿಲ್ಲ. ಬೀದಿಯಲ್ಲಿ ಬದುಕುವವನ ಚೀಲ ಕಳವಾಗುತ್ತದೆ, ಮಳೆಯಲ್ಲಿ ನೆನೆಯುತ್ತದೆ. ಅದರ ಮೇಲೆ 1973ರ ಜುಲೈ 12ರಂದು ಸೇಂಟ್ ಲೂಯಿಸ್ ನಗರದ ಸೈನಿಕ ದಾಖಲೆಗಳ ಭಂಡಾರಕ್ಕೆ ಬೆಂಕಿ ಬಿತ್ತು. 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷದಷ್ಟು ಕಡತಗಳು ಹಾಳಾದವು. 1912ರಿಂದ 1960ರ ನಡುವೆ ಭೂಸೇನೆಯಿಂದ ಬಿಡುಗಡೆಯಾದವರ ದಾಖಲೆಗಳಲ್ಲಿ ಬಹುಪಾಲು ಬೂದಿಯಾಯಿತು. ತಾನು ಯೋಧನಾಗಿದ್ದೆನೆಂದು ವೃದ್ಧನೊಬ್ಬ ಹೇಗೆ ಸಿದ್ಧಪಡಿಸಬೇಕು? ವೇತನದ ಚೀಟಿ, ಆಸ್ಪತ್ರೆಯ ದಾಖಲೆ, ಹಳೆಯ ಜೊತೆಗಾರನ ಸಾಕ್ಷಿ ಇವುಗಳನ್ನು ಒಂದೊಂದಾಗಿ ಕೂಡಿಸಬೇಕು. ಓದುಬರಹ ಬಲ್ಲವರು ತಿಂಗಳುಗಟ್ಟಲೆ ಪತ್ರವ್ಯವಹಾರ ಮಾಡಿದಾಗಲೇ ಅದು ಸಾಧ್ಯ. ಒಬ್ಬ ಮನುಷ್ಯನಿಗೆ ಅವನ ಹೆಸರನ್ನೇ ಮರಳಿ ಕೊಡಿಸುವ ಕೆಲಸವಿದು.

ಎರಡನೆಯದು ಗಾಡಿ. ಕೈಕಾಲು ಕಳೆದುಕೊಂಡ ಯೋಧರ ಪರವಾಗಿ 1920ರಿಂದ ದುಡಿಯುತ್ತಿರುವ ‘ಡಿಸೇಬಲ್ಡ್ ಅಮೆರಿಕನ್ ವೆಟರನ್ಸ್’ ಎಂಬ ಸಂಸ್ಥೆ 1987ರಲ್ಲಿ ಒಂದು ಸಾರಿಗೆ ವ್ಯವಸ್ಥೆಯನ್ನು ಹುಟ್ಟುಹಾಕಿತು. ಊರಿಂದ ದೂರದ ಸೈನಿಕ ಆಸ್ಪತ್ರೆಗೆ ಹೋಗಲಾರದವರನ್ನು ಸ್ವಯಂಸೇವಕರು ವ್ಯಾನಿನಲ್ಲಿ ಕರೆದೊಯ್ದು ಮರಳಿ ಮನೆ ಮುಟ್ಟಿಸುತ್ತಾರೆ. ಅವರಿಗೆ ಸಂಬಳವಿಲ್ಲ. ಅವರಲ್ಲಿ ಅನೇಕರು ಸ್ವತಃ ಮಾಜಿ ಸೈನಿಕರು. ಆಸ್ಪತ್ರೆಯಲ್ಲಿ ಔಷಧ ಸಿದ್ಧವಿದ್ದರೂ ಅಲ್ಲಿಗೆ ತಲುಪುವ ದಾರಿಯಿಲ್ಲದಿದ್ದರೆ ಏನು ಪ್ರಯೋಜನ?

ಮೂರನೆಯದು ಬಾಗಿಲು, ಅಂದರೆ ಮನೆ. ಇದು ಸ್ವಯಂಸೇವಕರ ಕೈಯಿಂದ ಮಾತ್ರ ಆಗುವಂಥದಲ್ಲ. ಸರ್ಕಾರದ ಬೊಕ್ಕಸ ತೆರೆಯಲೇಬೇಕು. ಬಾಡಿಗೆಯ ಬಹುಪಾಲನ್ನು ಸರ್ಕಾರವೇ ಭರಿಸಿ, ಜೊತೆಗೆ ಮನೆಗೆ ಬಂದು ವಿಚಾರಿಸುವ ಕಾರ್ಯಕರ್ತನನ್ನೂ ಕೊಡುವ ಯೋಜನೆ ಅಲ್ಲಿ 1992ರಲ್ಲಿ ಸಣ್ಣದಾಗಿ ಆರಂಭವಾಗಿ 2008ರಿಂದ ದೊಡ್ಡದಾಯಿತು. ಮೊದಲು ಕುಡಿತ ಬಿಡು, ಆಮೇಲೆ ಮನೆ ಎನ್ನುವ ಹಳೆಯ ಷರತ್ತು ಸಡಿಲವಾಯಿತು. ತಲೆಯ ಮೇಲೆ ಸೂರು ಬಿದ್ದ ಮೇಲೆಯೇ ಮನಸ್ಸು ತಿದ್ದಿಕೊಳ್ಳಲು ಬಿಡುವು ಸಿಗುತ್ತದೆಂಬುದು ಅನುಭವಕ್ಕೆ ಬಂತು.

ಫಲ ಕಂಡಿದೆ. ಪ್ರತಿ ಜನವರಿಯಲ್ಲಿ ಒಂದು ರಾತ್ರಿಯನ್ನು ಗೊತ್ತುಮಾಡಿ ಮನೆಯಿಲ್ಲದವರನ್ನು ಎಣಿಸುವ ಪದ್ಧತಿ ಅಲ್ಲಿದೆ. ಆ ಚಳಿಯಲ್ಲಿ ಟಾರ್ಚು ಹಿಡಿದು ಓಣಿ ಓಣಿ ತಿರುಗುವವರಲ್ಲಿ ಸಾವಿರಾರು ಮಂದಿ ಸ್ವಯಂಸೇವಕರು. 2010ರ ಎಣಿಕೆಯಲ್ಲಿ ಸುಮಾರು 74 ಸಾವಿರ ಮಾಜಿ ಸೈನಿಕರು ನಿರ್ಗತಿಕರಾಗಿ ಕಂಡಿದ್ದರು. 2024ರ ಎಣಿಕೆಯಲ್ಲಿ ಆ ಸಂಖ್ಯೆ 33 ಸಾವಿರದೊಳಕ್ಕೆ ಇಳಿದಿತ್ತು. ಅರ್ಧಕ್ಕಿಂತ ಹೆಚ್ಚು ಕಡಿಮೆಯಾಯಿತೆಂದು ಸಂತೋಷಪಡಬೇಕು. ಉಳಿದವರನ್ನು ನೆನೆದು ಸುಮ್ಮನಿರಬಾರದು. ಸರ್ಕಾರಕ್ಕೆ ಹಣವಿದೆ, ಕಾಲಿಲ್ಲ. ಜನರಿಗೆ ಹಣ ಕಡಿಮೆ, ಕಾಲಿವೆ. ಎರಡೂ ಕೂಡಿದಲ್ಲಿ ಕೆಲಸ ನಡೆಯಿತು.

ನಮ್ಮ ನಾಡಿನ ಮಾತು

ನಮ್ಮ ದೇಶದಲ್ಲೂ ಈ ಸೇವೆಗೆ ಹಳೆಯ ಬೇರುಗಳಿವೆ. ಅಂಗವಿಕಲ ಸೈನಿಕರಿಗೆ ಕಸುಬು ಕಲಿಸುವ ಕ್ವೀನ್ ಮೇರಿಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ 1917ರಲ್ಲಿಯೇ ಹುಟ್ಟಿತು. ಅದು ಪುಣೆಯ ಖಡಕಿಯಲ್ಲಿದೆ. ಅದೇ ಖಡಕಿಯಲ್ಲಿ 1974ರಲ್ಲಿ, ಮೊಹಾಲಿಯಲ್ಲಿ 1978ರಲ್ಲಿ, ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಯೋಧರಿಗಾಗಿ ಪುನರ್ವಸತಿ ಕೇಂದ್ರಗಳು ಆರಂಭವಾದವು. ಖಡಕಿಯಲ್ಲಿ ಕೈ ಆಡದವರು ಬಾಯಲ್ಲಿ ಕುಂಚ ಹಿಡಿದು ಚಿತ್ರ ಬರೆಯುತ್ತಾರೆ. ಗಾಲಿ ಕುರ್ಚಿಯ ಮೇಲೆ ಬ್ಯಾಸ್ಕೆಟ್‌ಬಾಲ್ ಆಡುತ್ತಾರೆ.

ಸೈನಿಕ ಮುರಳೀಕಾಂತ ಪೇಟ್ಕರ್ ಅವರನ್ನು ನೋಡಿರಿ. 1965ರ ಯುದ್ಧದಲ್ಲಿ ಗುಂಡೇಟು ತಿಂದು ಅಂಗವಿಕಲರಾದರು. ಏಳು ವರ್ಷದ ನಂತರ, 1972ರಲ್ಲಿ, ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ನಡೆದ ಅಂಗವಿಕಲರ ಒಲಿಂಪಿಕ್ಸ್‌ನಲ್ಲಿ ಈಜಿ ಚಿನ್ನದ ಪದಕ ಗೆದ್ದರು. ಅಂಥ ಕ್ರೀಡಾಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಚಿನ್ನ ಅದು. ದೇಶ ಅವರಿಗೆ ಪದ್ಮಶ್ರೀ ಕೊಟ್ಟದ್ದು 2018ರಲ್ಲಿ. ಅಂಗ ಊನವಾದರೆ ಕಾಯಕ ಊನವಾಗಬೇಕಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಅಷ್ಟೇ ಅಲ್ಲ, ಗೌರವ ಎಷ್ಟು ತಡವಾಗಿ ಬರುತ್ತದೆಂಬುದಕ್ಕೂ ಇದೇ ಸಾಕ್ಷಿ.

ಕೊಡಗಿನಿಂದ ಬೆಳಗಾವಿಯವರೆಗೆ ಮಕ್ಕಳನ್ನು ಸೈನ್ಯಕ್ಕೆ ಕಳುಹಿಸಿದ ಊರುಗಳು ನಮ್ಮ ರಾಜ್ಯದಲ್ಲಿ ಬಹಳ. ಡಿಸೆಂಬರ್ 7ರಂದು, 1949ರಿಂದಲೂ, ಸಶಸ್ತ್ರ ಪಡೆಗಳ ಧ್ವಜ ದಿನ ಆಚರಿಸುತ್ತ ಬಂದಿದ್ದೇವೆ. ಸಣ್ಣ ಬಾವುಟ ಕೊಂಡು ಎದೆಗೆ ಚುಚ್ಚಿಕೊಂಡು ನಾಲ್ಕು ಕಾಸು ಹಾಕುತ್ತೇವೆ. ಅದು ಬೇಕು, ಹನಿ ಹನಿ ಕೂಡಿದರೆ ಹಳ್ಳ. ಆದರೆ ಮಾರನೆಯ ದಿನ ಏನು?

ನಿಮ್ಮ ಓಣಿಯಲ್ಲಿ ವಯಸ್ಸಾದ ಮಾಜಿ ಸೈನಿಕರೊಬ್ಬರು ಇರಬಹುದು, ಯೋಧನ ವಿಧವೆ ಇರಬಹುದು. ಪಿಂಚಣಿ ನಿಲ್ಲದಿರಲು ಅವರು ವರ್ಷಕ್ಕೊಮ್ಮೆ ಜೀವಿತ ಪ್ರಮಾಣ ಪತ್ರ ಸಲ್ಲಿಸಬೇಕು. ಈಗ ಅದೆಲ್ಲ ‘ಸ್ಪರ್ಶ್’ ಎಂಬ ಗಣಕಯಂತ್ರದ ವ್ಯವಸ್ಥೆಯಲ್ಲಿ ನಡೆಯುತ್ತದೆ. ಬೆರಳ ಗುರುತು ಸವೆದುಹೋದ ಅಜ್ಜಿಗೆ ಅದು ದೊಡ್ಡ ಬೆಟ್ಟ. ಓದಿದ ಹುಡುಗನೊಬ್ಬ ಜೊತೆಯಲ್ಲಿ ಹೋದರೆ ಅದು ಒಂದು ಹೊತ್ತಿನ ಕೆಲಸ. ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ಯಾವ ನೆರವು ಸಿಗುತ್ತದೆಂದು ವಿಚಾರಿಸಿ ತಿಳಿಸಬಹುದು. ಆಸ್ಪತ್ರೆಗೆ ಗಾಡಿ ಕೊಡಬಹುದು. ಕುಡಿಯುತ್ತಾನೆಂದು ದೂರವಿಟ್ಟವನ ಹತ್ತಿರ ಕುಳಿತು, ನಿದ್ದೆ ಬರುತ್ತದೆಯೇ ಎಂದು ಒಂದು ಮಾತು ಕೇಳಬಹುದು. ಯಾವುದಕ್ಕೂ ಹೆಚ್ಚು ಹಣ ಬೇಡ, ವೇಳೆ ಬೇಕು.

ಹಣ ಕೊಡುವ ಕೈ ಮೇಲಿರುತ್ತದೆ, ತೆಗೆದುಕೊಳ್ಳುವ ಕೈ ಕೆಳಗಿರುತ್ತದೆ. ವೇಳೆ ಕೊಟ್ಟು ಜೊತೆಗೆ ನಡೆಯುವವರ ಕೈಗಳು ಸಮವಾಗಿರುತ್ತವೆ. ಗಡಿಯಲ್ಲಿ ಒಬ್ಬರ ಪಕ್ಕ ಒಬ್ಬರು ನಿಂತು ಬದುಕಿದವರಿಗೆ ಬೇಕಾದದ್ದು ಈ ಸಮಾನತೆಯ ಆಸರೆ. ಅನ್ನದಾಸೋಹವನ್ನು ಬಲ್ಲ ನಾಡು ನಮ್ಮದು. ವೇಳೆಯ ದಾಸೋಹವನ್ನೂ ಕಲಿಯೋಣ. ದಡ ಸೇರಿದ ನಾವು ಒಮ್ಮೆ ತಿರುಗಿ ನೋಡೋಣ. ಅಂಬಿಗ ಇನ್ನೂ ನೀರಿನಲ್ಲೇ ಇದ್ದರೆ, ಇಳಿದು ಹೋಗಿ ಕರೆತರುವುದು ದಾಟಿದವರ ಧರ್ಮ.